ಅಪರಿಚಿತ ಹೀರೋ, ಪರಿಚಿತ ಮುಖ: ಮೂನ್ ನೈಟ್‌ನಿಂದ ಹೈದರಾಬಾದ್‌ನ ಹನುಮಾನ್‌ವರೆಗೆ

2024ರ ಅಕ್ಟೋಬರ್ 30ರಂದು ಹೈದರಾಬಾದ್‌ನ ಮೈತ್ರಿ ಮೂವಿ ಮೇಕರ್ಸ್ ಸಂಸ್ಥೆ ‘ಜೈ ಹನುಮಾನ್’ ಚಿತ್ರದ ಫಸ್ಟ್ ಲುಕ್ ಬಿಡುಗಡೆ ಮಾಡಿತು. ತೆಲುಗು ನಿರ್ದೇಶಕ ಪ್ರಶಾಂತ್ ವರ್ಮ ಅವರ ಈ ಸೂಪರ್‌ಹೀರೋ ಚಿತ್ರದಲ್ಲಿ ಹನುಮಂತನಾಗಿ ಕಾಣಿಸಿಕೊಂಡವರು ಕುಂದಾಪುರ ಕಡೆಯ ಕೆರಾಡಿಯ ರಿಷಬ್ ಶೆಟ್ಟಿ. ಎಲ್ಲರೂ ಬಲ್ಲ ದೇವರಿಗೆ ಎಲ್ಲರೂ ಬಲ್ಲ ನಟನ ಮುಖ ಹೊಂದುತ್ತದೆಯೇ ಎಂಬ ಹಳೆಯ ಪ್ರಶ್ನೆ ಅದರೊಂದಿಗೆ ಮತ್ತೆ ಎದ್ದಿತು.

ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಇದೇ ಪ್ರಶ್ನೆ ಇನ್ನೊಂದು ಬಗೆಯಲ್ಲಿದೆ. ಅಲ್ಲಿ ಯಹೂದಿ ಮೂಲದ ಹಲವು ಸೂಪರ್‌ಹೀರೋಗಳಿದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರು ಕಾಮಿಕ್ಸ್ ಓದದವರಿಗೆ ಗೊತ್ತಿಲ್ಲ. ಅಂಥವರನ್ನು ತೆರೆಗೆ ತರುವಾಗ ಯಾರು ನಟಿಸಬೇಕು, ಪಾತ್ರದ ಧರ್ಮ ಮತ್ತು ಕುಲದ ಗುರುತಿನಲ್ಲಿ ಎಷ್ಟನ್ನು ಉಳಿಸಬೇಕು ಎಂಬುದು ಅಲ್ಲಿನ ತಲೆನೋವು. ಎರಡೂ ಕಡೆಯ ಅನುಭವವನ್ನು ಜೊತೆಗಿಟ್ಟರೆ ಸೂಪರ್‌ಹೀರೋ ತೆರೆಗೆ ಬರುವ ಬಗೆ ಸ್ಪಷ್ಟವಾಗುತ್ತದೆ.

ಯಹೂದಿ ಯುವಕರು ಕಟ್ಟಿದ ಉದ್ಯಮ

1938ರ ಜೂನ್ ಸಂಚಿಕೆಯಾಗಿ ಬಂದ ‘ಆ್ಯಕ್ಷನ್ ಕಾಮಿಕ್ಸ್’ನಲ್ಲಿ ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬೆಳೆದ ಯಹೂದಿ ವಲಸಿಗರ ಮಕ್ಕಳು. ಮರುವರ್ಷ ಬ್ಯಾಟ್‌ಮ್ಯಾನ್‌ನನ್ನು ರೂಪಿಸಿದ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಯಹೂದಿಗಳು. 1941ರಲ್ಲಿ ಕ್ಯಾಪ್ಟನ್ ಅಮೆರಿಕನನ್ನು ತಂದು, ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿಸಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಸಹ ಅದೇ ಸಮುದಾಯದವರು. ಪ್ರತಿಷ್ಠಿತ ಜಾಹೀರಾತು ಕಂಪನಿಗಳು ಮತ್ತು ಪತ್ರಿಕೆಗಳಲ್ಲಿ ಯಹೂದಿಗಳಿಗೆ ಕೆಲಸ ಸಿಗುವುದು ಕಷ್ಟವಿದ್ದ ಕಾಲವದು. ಕೀಳೆಂದು ಎಣಿಸಿದ್ದ ಕಾಮಿಕ್ಸ್ ಉದ್ಯಮದ ಬಾಗಿಲು ಮಾತ್ರ ತೆರೆದಿತ್ತು.

ಹೀಗೆ ಸೃಷ್ಟಿಕರ್ತರು ಯಹೂದಿಗಳಾದರೂ ಪಾತ್ರಗಳು ಬಹುಕಾಲ ಯಹೂದಿಗಳಾಗಿರಲಿಲ್ಲ. ಮಾರುಕಟ್ಟೆ ಕುಗ್ಗೀತೆಂಬ ಅಳುಕಿನಿಂದ ಧರ್ಮದ ಮಾತನ್ನೇ ಎತ್ತುತ್ತಿರಲಿಲ್ಲ. ‘ಫೆಂಟಾಸ್ಟಿಕ್ ಫೋರ್’ ತಂಡದ ಬೆನ್ ಗ್ರಿಮ್ 1961ರಲ್ಲಿ ಹುಟ್ಟಿದ ಪಾತ್ರ. ಅವನು ಯಹೂದಿಯೆಂದು ಕಾಮಿಕ್ಸ್ ಬಾಯಿಬಿಟ್ಟು ಹೇಳಿದ್ದು 2002ರಲ್ಲಿ.

ಮೂನ್ ನೈಟ್: ರಬ್ಬಿಯ ಮಗ, ಈಜಿಪ್ಟಿನ ದೇವರ ಬಂಟ

ಅಷ್ಟಾಗಿ ಪರಿಚಿತನಲ್ಲದ ಯಹೂದಿ ಹೀರೋ ತೆರೆಗೆ ಬಂದುದಕ್ಕೆ ಮೂನ್ ನೈಟ್ ತಕ್ಕ ಉದಾಹರಣೆ. ಡಗ್ ಮೆಂಚ್ ಮತ್ತು ಡಾನ್ ಪರ್ಲಿನ್ 1975ರಲ್ಲಿ ಮಾರ್ವೆಲ್ ಕಾಮಿಕ್ಸ್‌ಗಾಗಿ ಸೃಷ್ಟಿಸಿದ ಪಾತ್ರವಿದು. ಇವನ ನಿಜವಾದ ಹೆಸರು ಮಾರ್ಕ್ ಸ್ಪೆಕ್ಟರ್. ಷಿಕಾಗೊದ ಯಹೂದಿ ಧರ್ಮಗುರು, ಅಂದರೆ ರಬ್ಬಿಯೊಬ್ಬರ ಮಗ. ಕೂಲಿ ಸೈನಿಕನಾಗಿ ಅಲೆದು, ಈಜಿಪ್ಟಿನ ಮರುಭೂಮಿಯಲ್ಲಿ ಸಾಯುವ ಗಳಿಗೆಯಲ್ಲಿ ಚಂದ್ರದೇವ ಖೋನ್‌ಶುವಿನ ಬಂಟನಾಗಿ ಮರುಜೀವ ಪಡೆಯುತ್ತಾನೆ. ಒಬ್ಬನೇ ದೇವರೆಂದು ನಂಬುವ ಮನೆಯ ಮಗ ಪರದೇವರ ಕೈಗೆ ಸಿಕ್ಕಿಬಿದ್ದ ಈ ತಿಕ್ಕಾಟವೇ ಪಾತ್ರದ ತಿರುಳು.

2022ರ ಮಾರ್ಚ್ 30ರಿಂದ ಆರು ಕಂತುಗಳಲ್ಲಿ ಬಂದ ಸರಣಿಯಲ್ಲಿ ಈ ಪಾತ್ರ ವಹಿಸಿದವರು ಗ್ವಾಟೆಮಾಲಾದಲ್ಲಿ ಹುಟ್ಟಿ ಮಯಾಮಿಯಲ್ಲಿ ಬೆಳೆದ ಆಸ್ಕರ್ ಐಸಾಕ್. ನಿರ್ದೇಶಕರಲ್ಲಿ ಪ್ರಮುಖರು ಈಜಿಪ್ಟಿನ ಮೊಹಮ್ಮದ್ ದಿಯಾಬ್. ಸಂಗೀತವೂ ಈಜಿಪ್ಟಿನ ಹಿಶಾಮ್ ನಾಝಿಹ್ ಅವರದು. ಕಾಮಿಕ್ಸ್‌ನಲ್ಲಿದ್ದ ನಾಯಕಿ ಮಾರ್ಲೀನ್ ಸ್ಥಾನಕ್ಕೆ ಲೈಲಾ ಎಂಬ ಈಜಿಪ್ಟ್ ಮೂಲದ ಪಾತ್ರ ಬಂತು. ಕೈರೋ ಎಂದರೆ ಮರಳು, ಒಂಟೆ ಎನ್ನುವ ಹಾಲಿವುಡ್ ಚಾಳಿಯನ್ನು ದಿಯಾಬ್ ಪಟ್ಟುಹಿಡಿದು ದೂರವಿಟ್ಟರು.

ಈಜಿಪ್ಟಿನ ಭಾಗಕ್ಕೆ ಸಿಕ್ಕಷ್ಟು ಆರೈಕೆ ಯಹೂದಿ ಭಾಗಕ್ಕೆ ಸಿಗಲಿಲ್ಲ. ಐದನೆಯ ಕಂತಿನಲ್ಲಿ ತಾಯಿ ಸತ್ತ ಮನೆಯಲ್ಲಿ ಏಳು ದಿನದ ಶೋಕಾಚರಣೆ ನಡೆದಿರುತ್ತದೆ. ಒಳಗೆ ಕಾಲಿಡಲಾಗದೆ ಬೀದಿಯಲ್ಲಿ ನಿಂತ ಮಾರ್ಕ್ ತಲೆಯ ಮೇಲಿನ ಕಿಪ್ಪಾ ಟೋಪಿಯನ್ನು ತೆಗೆದು ನೆಲಕ್ಕೆ ಬಡಿದು, ಮರುಕ್ಷಣ ಅದನ್ನೇ ಅವುಚಿಕೊಂಡು ಅಳುತ್ತಾನೆ. ಇಡೀ ಸರಣಿಯಲ್ಲಿ ಅವನ ಮನೆತನದ ಧರ್ಮ ಕಥೆಯೊಳಗೆ ಇಳಿದುಬಂದದ್ದು ಬಹುಮಟ್ಟಿಗೆ ಇಲ್ಲಿ ಮಾತ್ರ. ರಬ್ಬಿಯ ಮಗನಾಗಿ ಅವನು ಖೋನ್‌ಶುವಿಗೆ ಏನು ಹೇಳಬಹುದಿತ್ತೋ ಅದನ್ನು ಸರಣಿ ಕೇಳಲೇ ಇಲ್ಲ.

ಸಾಬ್ರಾ: ಹೆಸರು ಕಳಚಿದ ಪಾತ್ರ

ಎರಡನೆಯ ಉದಾಹರಣೆಯಲ್ಲಿ ತೊಡಕು ಬೇರೆ. ರೂತ್ ಬ್ಯಾಟ್-ಸೆರಾಫ್ ಎಂಬ ಇಸ್ರೇಲಿ ನಾಯಕಿ ‘ಸಾಬ್ರಾ’ ಎಂಬ ಹೆಸರಿನಲ್ಲಿ 1980-81ರ ‘ಹಲ್ಕ್’ ಸಂಚಿಕೆಗಳಲ್ಲಿ ಬಂದವಳು. ಕಾಮಿಕ್ಸ್‌ನಲ್ಲಿ ಆಕೆ ಇಸ್ರೇಲಿನ ಗುಪ್ತಚರ ಸಂಸ್ಥೆ ಮೊಸಾದ್‌ನ ಗೂಢಚಾರಿಣಿ. 2022ರ ಸೆಪ್ಟೆಂಬರ್‌ನಲ್ಲಿ ಈ ಪಾತ್ರಕ್ಕೆ ಇಸ್ರೇಲಿ ನಟಿ ಶಿರಾ ಹಾಸ್ ಹೆಸರು ಪ್ರಕಟವಾದಾಗ ಪ್ಯಾಲೆಸ್ಟೀನ್ ಪರ ಹೋರಾಟಗಾರರು ವಿರೋಧಿಸಿದರು. 1982ರಲ್ಲಿ ಬೇರೂತ್‌ನ ಸಾಬ್ರಾ ಮತ್ತು ಶಟೀಲಾದಲ್ಲಿ ನಡೆದ ನಿರಾಶ್ರಿತರ ಹತ್ಯಾಕಾಂಡವನ್ನು ಆ ಹೆಸರು ನೆನಪಿಸುತ್ತಿತ್ತು. ಕಾಮಿಕ್ಸ್ ಪಾತ್ರ ಹತ್ಯಾಕಾಂಡಕ್ಕಿಂತ ಹಿಂದಿನದು ಎಂಬುದು ನಿಜ, ಆದರೆ ಕಿವಿಗೆ ಬೀಳುವ ಹೆಸರಿಗೆ ಇಸವಿಯ ಲೆಕ್ಕ ಇರುವುದಿಲ್ಲ.

‘ಕ್ಯಾಪ್ಟನ್ ಅಮೆರಿಕ: ಬ್ರೇವ್ ನ್ಯೂ ವರ್ಲ್ಡ್’ 2025ರ ಫೆಬ್ರುವರಿ 14ರಂದು ಬಿಡುಗಡೆಯಾದಾಗ ರೂತ್ ಅಮೆರಿಕ ಅಧ್ಯಕ್ಷರ ಭದ್ರತಾ ಅಧಿಕಾರಿಯಾಗಿದ್ದಳು. ಸಾಬ್ರಾ ಎಂಬ ಹೆಸರಿರಲಿಲ್ಲ, ಮೊಸಾದ್ ಇರಲಿಲ್ಲ, ವೇಷವೂ ಇರಲಿಲ್ಲ. ಪಾತ್ರಕ್ಕೆ ಅದೇ ದೇಶದ, ಅದೇ ಧರ್ಮದ ನಟಿ ಸಿಕ್ಕಿದ್ದಳು, ಆದರೆ ಪಾತ್ರವೇ ಕರಗಿಹೋಗಿತ್ತು.

ಅದೇ ಸಮುದಾಯದವರೇ ನಟಿಸಬೇಕೆ?

ಯಹೂದಿ ಪಾತ್ರಗಳನ್ನು ಯಹೂದಿಯೇತರರು, ಅದರಲ್ಲೂ ಕೃತಕ ಮೂಗು ಅಂಟಿಸಿಕೊಂಡು, ವಹಿಸುವುದರ ಬಗ್ಗೆ ಹಾಲಿವುಡ್‌ನಲ್ಲಿ ಈಚೆಗೆ ಬಿಸಿ ಚರ್ಚೆ ನಡೆದಿದೆ. 2023ರ ‘ಮೆಸ್ಟ್ರೋ’ ಚಿತ್ರದಲ್ಲಿ ಬ್ರ್ಯಾಡ್ಲಿ ಕೂಪರ್ ಮತ್ತು ‘ಗೋಲ್ಡಾ’ದಲ್ಲಿ ಹೆಲೆನ್ ಮಿರೆನ್ ಈ ಟೀಕೆಗೆ ಗುರಿಯಾದರು. ಇನ್ನೊಂದು ಕಡೆ ‘ಎಕ್ಸ್-ಮೆನ್’ ಸರಣಿಯ ಮ್ಯಾಗ್ನೆಟೊ ಇದ್ದಾನೆ. ಆ ಯಹೂದಿ ಪಾತ್ರ ವಹಿಸಿದ ಇಯಾನ್ ಮೆಕೆಲನ್ ಆಗಲಿ ಮೈಕೆಲ್ ಫಾಸ್‌ಬೆಂಡರ್ ಆಗಲಿ ಯಹೂದಿಗಳಲ್ಲ. ಆದರೂ 2000ದ ಮೊದಲ ಚಿತ್ರ ತೆರೆದುಕೊಳ್ಳುವುದೇ 1944ರ ಪೋಲೆಂಡಿನ ನಾಜಿ ಶಿಬಿರದಲ್ಲಿ. ತಂದೆತಾಯಿಯಿಂದ ಬೇರ್ಪಟ್ಟ ಹುಡುಗನ ಸಂಕಟಕ್ಕೆ ಕಬ್ಬಿಣದ ಗೇಟು ಬಾಗುತ್ತದೆ. ಮುಂದೆ ಅವನು ಮಾಡುವ ಪ್ರತಿಯೊಂದೂ ಆ ದೃಶ್ಯದಿಂದ ಹೊರಡುತ್ತದೆ.

ಭಾರತೀಯ ಚಿತ್ರರಂಗದಲ್ಲಿ ಈ ಗಡಿ ಮೊದಲಿನಿಂದಲೂ ಸಡಿಲ. ರೂಬಿ ಮಯರ್ಸ್ ‘ಸುಲೋಚನಾ’ ಆಗಿ, ಎಸ್ತರ್ ವಿಕ್ಟೋರಿಯಾ ಅಬ್ರಹಾಂ ‘ಪ್ರಮೀಳಾ’ ಆಗಿ, ಫ್ಲಾರೆನ್ಸ್ ಎಝೆಕಿಯಲ್ ‘ನಾದಿರಾ’ ಆಗಿ ಮುಂಬೈ ತೆರೆಯನ್ನು ಆಳಿದ ಯಹೂದಿ ಮಹಿಳೆಯರು. ಬಿಮಲ್ ರಾಯ್ ಅವರ 1958ರ ‘ಯಹೂದಿ’ ಚಿತ್ರದಲ್ಲಿ ಯಹೂದಿ ವ್ಯಾಪಾರಿಯಾದವರು ಪಾರ್ಸಿ ನಟ ಸೊಹ್ರಾಬ್ ಮೋದಿ. 1987ರ ‘ರಾಮಾಯಣ’ ಧಾರಾವಾಹಿಯಲ್ಲಿ ಮನೆಮನೆಯ ಹನುಮಂತನಾದವರು ಪಂಜಾಬಿನ ಸಿಖ್ ಕುಸ್ತಿಪಟು ದಾರಾ ಸಿಂಗ್.

ಹೈದರಾಬಾದ್ ಹಿಡಿದ ದಾರಿ

ತೆಲುಗಿನಲ್ಲಿ ಸೂಪರ್‌ಹೀರೋ ಹೊಸಬನಲ್ಲ. 1980ರಲ್ಲೇ ಎನ್.ಟಿ. ರಾಮರಾವ್ ನಾಯಕರಾಗಿ ‘ಸೂಪರ್‌ಮ್ಯಾನ್’ ಎಂಬ ತೆಲುಗು ಚಿತ್ರ ಬಂದಿತ್ತು. ಅದರ ನಾಯಕನಿಗೆ ಶಕ್ತಿ ಕೊಡುವವನು ಹನುಮಂತ! ಅನ್ಯಗ್ರಹದ ಕೂಸಿನ ಕಥೆಯನ್ನು ಭಕ್ತನ ಕಥೆಯಾಗಿ ತಿರುಗಿಸಿಕೊಂಡ ಜಾಣ್ಮೆಯದು. ‘ಮಾಯಾಬಜಾರ್’ (1957) ಕಾಲದಿಂದ ಕೃಷ್ಣನೆಂದರೆ ಎನ್‌ಟಿಆರ್, ಆನಂತರ ಹನುಮಂತನೆಂದರೆ ಅರ್ಜಾ ಜನಾರ್ದನ ರಾವ್ ಎಂದು ಒಪ್ಪಿಕೊಂಡಿದ್ದ ಪ್ರೇಕ್ಷಕರಿಗೆ ಅದು ಸಹಜವಾಗಿಯೇ ಕಂಡಿರಬೇಕು.

ಪ್ರಶಾಂತ್ ವರ್ಮ ಅವರ ‘ಹನುಮಾನ್’ 2024ರ ಜನವರಿ 12ರಂದು ಸಂಕ್ರಾಂತಿಗೆ ಬಂತು. ಅದೇ ದಿನ ಮಹೇಶ್ ಬಾಬು ಅವರ ‘ಗುಂಟೂರು ಕಾರಂ’ ಕೂಡ ಬಿಡುಗಡೆಯಾಯಿತು. ಬಾಲನಟನಾಗಿ ಚಿರಂಜೀವಿ ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದ ತೇಜ ಸಜ್ಜಾ ಇಲ್ಲಿ ನಾಯಕ. ಅಂಜನಾದ್ರಿ ಎಂಬ ಕಲ್ಪಿತ ಹಳ್ಳಿಯ ಚಿಲ್ಲರೆ ಕಳ್ಳ ಹನುಮಂತುವಿಗೆ ಆಂಜನೇಯನ ರಕ್ತದ ಹನಿಯಿಂದಾದ ಮಣಿಯೊಂದು ಸಿಗುತ್ತದೆ. ಅದರ ಬಲ ಬಿಸಿಲಿದ್ದಾಗ ಮಾತ್ರ. ವಿನಯ್ ರೈ ವಹಿಸಿದ ಖಳ ಮೈಕೆಲ್ ಚಿಕ್ಕಂದಿನಿಂದ ಸೂಪರ್‌ಹೀರೋ ಆಗುವ ಹುಚ್ಚು ಹತ್ತಿಸಿಕೊಂಡವನು, ಶಕ್ತಿಯನ್ನು ಯಂತ್ರ ಮತ್ತು ದುಡ್ಡಿನಿಂದ ಕೊಳ್ಳಲು ಹೊರಟವನು. ಚಿತ್ರ 71ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ (ಎವಿಜಿಸಿ) ವಿಭಾಗದ ಅತ್ಯುತ್ತಮ ಚಿತ್ರ, ಅತ್ಯುತ್ತಮ ಸಾಹಸ ನಿರ್ದೇಶನ ಎಂಬ ಎರಡು ಗೌರವ ಪಡೆಯಿತು.

ಲೆಕ್ಕ ಇಲ್ಲಿ ತಿರುವುಮುರುವಾದುದನ್ನು ಗಮನಿಸಬೇಕು. ಮೂನ್ ನೈಟ್‌ನಲ್ಲಿ ಹೀರೋ ಅಪರಿಚಿತ, ನಟ ಪ್ರಸಿದ್ಧ. ‘ಹನುಮಾನ್’ನಲ್ಲಿ ದೇವರು ಎಲ್ಲರಿಗೂ ಗೊತ್ತು, ನಟ ಆಗಿನ್ನೂ ತಾರೆಯಲ್ಲ. ಪ್ರಸಿದ್ಧಿಯ ಹೊರೆಯನ್ನು ಯಾರಾದರೊಬ್ಬರು ಹೊತ್ತರೆ ಸಾಕು. ಹನುಮಂತನ ಮುಖವನ್ನು ಪೂರ್ತಿಯಾಗಿ ತೋರಿಸುವ ಗೋಜಿಗೆ ಹೋಗದೆ, ಭಕ್ತಿಯನ್ನು ಹಳ್ಳಿಯ ಹುಡುಗನ ಬದುಕಿನೊಳಗೆ ಇಟ್ಟದ್ದೇ ನಿರ್ದೇಶಕರ ಜಾಣ ನಡೆ. ಹಕ್ಕಿನ ವಿಷಯದಲ್ಲೂ ಅವರಿಗೆ ಅನುಕೂಲವಿತ್ತು. ಮಾರ್ವೆಲ್ ಪಾತ್ರ ಬೇಕೆಂದರೆ ಕಂಪನಿಯ ಅಪ್ಪಣೆ ಬೇಕು, ಪುರಾಣಕ್ಕೆ ಮಾಲೀಕರಿಲ್ಲ.

ಕಾರ್ಕಳದ ಪೈ, ಕಾಮಿಕ್ಸ್‌ನ ಕನ್ನಡ ನಂಟು

ಪುರಾಣವನ್ನು ಚಿತ್ರಕಥೆಯ ಪುಟಕ್ಕೆ ಇಳಿಸಿ ಈ ದಾರಿಯನ್ನು ಹದಗೊಳಿಸಿದ್ದು ‘ಅಮರ ಚಿತ್ರ ಕಥೆ’. ಅದರ ಸಂಪಾದಕ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ 1965ರಲ್ಲಿ ಮೊದಲಿಗೆ ಕನ್ನಡದಲ್ಲೇ ಹೊರತಂದ ಪುಸ್ತಿಕೆಗಳಲ್ಲಿ ಈ ಮಾಲೆಯ ಬೇರಿದೆ. ಮೊದಲ ಹತ್ತು ಪುಸ್ತಿಕೆಗಳು ಪಾಶ್ಚಾತ್ಯ ಕಥೆಗಳಾಗಿದ್ದವು. ಹನ್ನೊಂದನೆಯದಾಗಿ ‘ಕೃಷ್ಣ’ ಬಂದ ಮೇಲೆ ಮಾಲೆಯ ದಿಕ್ಕೇ ಬದಲಾಯಿತು. 2023ರ ಜುಲೈನಲ್ಲಿ ಹೈದರಾಬಾದ್‌ನ ನಟ, ನಿರ್ಮಾಪಕ ರಾಣಾ ದಗ್ಗುಬಾಟಿ ಅಮೆರಿಕದ ಸ್ಯಾನ್ ಡಿಯೇಗೊ ಕಾಮಿಕ್-ಕಾನ್‌ನಲ್ಲಿ ಪ್ರಕಟಿಸಿದ ‘ಹಿರಣ್ಯಕಶ್ಯಪ’ ಯೋಜನೆಗೂ ಅಮರ ಚಿತ್ರ ಕಥೆಯೇ ಪ್ರೇರಣೆ.

ಪಾತ್ರಕ್ಕೆ ಮುಖ ಆರಿಸುವಂತೆ ದನಿಯನ್ನೂ ಆರಿಸಬೇಕು. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ತೆಲುಗಿಗೆ ಬಂದಾಗ ಅದರ ಖಳ ಥ್ಯಾನೋಸ್‌ಗೆ ಕಂಠ ಕೊಟ್ಟವರು ಇದೇ ರಾಣಾ. ಕನ್ನಡದಲ್ಲಿ ಡಬ್ಬಿಂಗ್‌ಗಿದ್ದ ದಶಕಗಳ ವಿರೋಧದ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಪ್ರತಿಕೂಲ ಆದೇಶ ಕೊಟ್ಟ ಮೇಲೆ ನಮ್ಮಲ್ಲೂ ಬಾಗಿಲು ನಿಧಾನವಾಗಿ ತೆರೆಯಿತು. ‘ಹನುಮಾನ್’ ಕನ್ನಡದಲ್ಲೂ ಬಂತು.

ಜೈ ಹನುಮಾನ್: ಮುಖದ ಮೇಲಿನ ತಕರಾರು

‘ಹನುಮಾನ್’ನ ಮುಂದಿನ ಭಾಗವಾದ ‘ಜೈ ಹನುಮಾನ್’ನಲ್ಲಿ ದೇವರೇ ನಾಯಕ. ಅದಕ್ಕೆ ‘ಕಾಂತಾರ’ಕ್ಕಾಗಿ ಅತ್ಯುತ್ತಮ ನಟ ರಾಷ್ಟ್ರೀಯ ಪ್ರಶಸ್ತಿ ಪಡೆದ ರಿಷಬ್ ಶೆಟ್ಟಿ ಆಯ್ಕೆಯಾದರು. ಮೈಮೇಲೆ ದೈವ ಬರುವ ದೃಶ್ಯವನ್ನು ದೇಶವೇ ನಂಬುವಂತೆ ಅಭಿನಯಿಸಿದವರನ್ನು ಹನುಮಂತನಾಗಿ ನೋಡಲು ಜನ ತಯಾರಿರುತ್ತಾರೆ ಎಂಬ ಎಣಿಕೆ ಈ ಆಯ್ಕೆಯ ಹಿಂದಿರುವಂತಿದೆ. ಎಲ್ಲರೂ ತಯಾರಿರಲಿಲ್ಲ. ಟೀಸರ್‌ನಲ್ಲಿ ಸಂಪ್ರದಾಯದ ವಾನರ ಮುಖದ ಬದಲು ನಟನ ಮುಖವೇ ಕಾಣುತ್ತದೆಂದು ಆಕ್ಷೇಪಿಸಿ 2025ರ ಜನವರಿಯಲ್ಲಿ ಹೈದರಾಬಾದ್‌ನ ನಾಂಪಲ್ಲಿ ನ್ಯಾಯಾಲಯದಲ್ಲಿ ವಕೀಲರೊಬ್ಬರು ದೂರು ಕೊಟ್ಟರು.

ಹನುಮಂತನ ಊರಿನ ಬಗ್ಗೆಯೂ ತಗಾದೆಯಿದೆ. ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಳಿಯ ಅಂಜನಾದ್ರಿಯೇ ಅವನ ಜನ್ಮಸ್ಥಳವೆಂಬುದು ನಮ್ಮವರ ನಂಬಿಕೆ. ತಿರುಮಲದ ಬೆಟ್ಟವೇ ಆ ಅಂಜನಾದ್ರಿ ಎಂದು 2021ರಲ್ಲಿ ತಿರುಪತಿ ದೇವಸ್ಥಾನ ಘೋಷಿಸಿತು. ಚಿತ್ರದ ಹಳ್ಳಿಗೆ ಅದೇ ಹೆಸರಿಟ್ಟು, ಅದು ಎಲ್ಲಿದೆಯೆಂದು ಹೇಳದೆ ಬಿಟ್ಟದ್ದರಿಂದ ಎರಡೂ ರಾಜ್ಯದವರು ಅದನ್ನು ತಮ್ಮದೆನ್ನಬಹುದಾಯಿತು. ಪ್ರಶಾಂತ್ ವರ್ಮ ಅವರ ಇದೇ ಸೂಪರ್‌ಹೀರೋ ಸರಣಿಯ ‘ಮಹಾಕಾಳಿ’ ಚಿತ್ರಕ್ಕೆ 2025ರಲ್ಲಿ ಮತ್ತೊಬ್ಬ ಕನ್ನಡತಿ ಭೂಮಿ ಶೆಟ್ಟಿ ಆಯ್ಕೆಯಾದುದೂ ಗಮನಾರ್ಹ.

ಅಳತೆಗೋಲು ಯಾವುದು?

ಈ ಎಲ್ಲ ಉದಾಹರಣೆಗಳು ಒಂದೇ ಕಡೆ ಬೊಟ್ಟು ಮಾಡುತ್ತವೆ. ನಟನ ಜಾತಕ ಹೊಂದಿದ ಮಾತ್ರಕ್ಕೆ ಪಾತ್ರ ಉಳಿಯುವುದಿಲ್ಲ, ಸಾಬ್ರಾ ಅದಕ್ಕೆ ಸಾಕ್ಷಿ. ಹೊಂದದಿದ್ದರೆ ಪಾತ್ರ ಕೆಡುತ್ತದೆ ಎಂದೂ ಇಲ್ಲ, ಮ್ಯಾಗ್ನೆಟೊ ಅದಕ್ಕೆ ಸಾಕ್ಷಿ. ಪಾತ್ರದ ಮೂಲವು ಕಥೆಯ ತಿರುವುಗಳನ್ನು ನಿರ್ಧರಿಸುತ್ತದೆಯೋ ಅಥವಾ ಟೋಪಿ, ಗದೆಗಳ ಅಲಂಕಾರವಾಗಿ ಉಳಿಯುತ್ತದೆಯೋ ಎಂಬುದೇ ಕೊನೆಗೆ ಮುಖ್ಯ. ಹಾಗಾಗಿ ಹೊಸ ಸೂಪರ್‌ಹೀರೋ ಚಿತ್ರದ ಫಸ್ಟ್ ಲುಕ್ ಬಂದಾಗ ನಟ ಯಾವ ಊರಿನವನು ಎಂದು ಜಗಳಕ್ಕಿಳಿಯುವ ಮೊದಲು ಓದುಗರು ಚಿತ್ರ ಬರುವವರೆಗೆ ಕಾಯುವುದು ಒಳ್ಳೆಯದು. ಹೀರೋ ಯಾವ ಮನೆಯಿಂದ ಬಂದವನೆಂಬುದನ್ನು ತೆಗೆದುಹಾಕಿದರೂ ಕಥೆ ಹಾಗೆಯೇ ನಡೆಯುವುದಾದರೆ, ಆ ರೂಪಾಂತರ ಸೋತಿದೆ ಎಂದೇ ಅರ್ಥ.