ಲಾಗಿನ್ ತಕರಾರಿನ ಪೂರ್ವಚರಿತ್ರೆ

ಕಚೇರಿಯ ಕಂಪ್ಯೂಟರ್ ಒಳಗೆ ಬಿಡದಿದ್ದಾಗ ಎಲ್ಲರೂ ಮೊದಲು ಅನುಮಾನಪಡುವುದು ಪಾಸ್‌ವರ್ಡಿನ ಮೇಲೆ. ಪರದೆಯೂ ಅದನ್ನೇ ದೂರುತ್ತದೆ. ಕ್ಯಾಪ್ಸ್ ಲಾಕ್ ನೋಡಿಕೊಂಡು ಮತ್ತೆ ಟೈಪ್ ಮಾಡಿದ್ದಾಯಿತು, ಐಟಿಯವರು ರೀಸೆಟ್ ಮಾಡಿಕೊಟ್ಟದ್ದೂ ಆಯಿತು. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಪರದೆಯ ಆ ಮಾತು ಒಂದೇ ಯಂತ್ರದ ಕಾಲದ ಉಳಿಕೆ ಎಂಬುದು ನನ್ನ ವಾದ. ಲಾಗಿನ್ ಒಂದು ಕೇಂದ್ರಕ್ಕೆ ಹೋದ ಮೇಲೆ, ಪಾಸ್‌ವರ್ಡ್ ಸರಿಯೇ ತಪ್ಪೇ ಎಂಬ ತೀರ್ಪು ಬರಬೇಕಾದರೂ ಅದಕ್ಕೆ ಮುಂಚೆ ಗಡಿಯಾರ, ಹೆಸರು, ದಾರಿ ಮೂರೂ ನೆಟ್ಟಗಿರಬೇಕು. ಈ ಮೂರನ್ನು ತಳಪಾಯಕ್ಕೆ ಸೇರಿಸಿದವರು ತಿಳಿದೇ ಸೇರಿಸಿದರು.

ಹಳೆಯ ಕಾಲದಲ್ಲಿ ಲೆಕ್ಕ ಸರಳ. ಒಂದು ಯಂತ್ರ, ಅದರೊಳಗೆ ಒಂದು ಪಾಸ್‌ವರ್ಡ್ ಕಡತ. ಅಪಾಯವೂ ಆ ಕಡತದಲ್ಲೇ ಇತ್ತು: ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ 1966ರಲ್ಲಿ ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸಂದೇಶದ ಬದಲು ಇಡೀ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತು. ಯುನಿಕ್ಸ್‌ನಲ್ಲಿ ಮುಂದೆ ಪಾಸ್‌ವರ್ಡುಗಳನ್ನು ಗುಪ್ತಲಿಪಿಯಲ್ಲಿ ಇಡಲಾಯಿತು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ತಮ್ಮ ಲೇಖನದಲ್ಲಿ 3,289 ಪಾಸ್‌ವರ್ಡುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇಕಡಾ 86ರಷ್ಟು ಸುಲಭವಾಗಿ ಊಹಿಸಬಹುದಾದವು ಎಂದು ತೋರಿಸಿದರು. ಅದೇ ಲೇಖನದಲ್ಲಿ ಇನ್ನೊಂದು ಸಣ್ಣ ಸಂಗತಿಯಿದೆ. ಇಲ್ಲದ ಹೆಸರನ್ನು ಕೊಟ್ಟರೆ ಯಂತ್ರ ಬೇಗ ಉತ್ತರಿಸುತ್ತಿತ್ತು. ಅದರಿಂದ ಹೊರಗಿನವರಿಗೆ ಸುಳಿವು ಸಿಗುತ್ತದೆಂದು, ಹೆಸರು ತಪ್ಪಾದರೂ ಪಾಸ್‌ವರ್ಡ್ ತಪ್ಪಾದರೂ ಅಷ್ಟೇ ಹೊತ್ತು ಹಿಡಿಯುವಂತೆ ಮಾಡಿದರು. ಕಾರಣವನ್ನು ಬಚ್ಚಿಡುವುದೇ ಸುರಕ್ಷತೆ ಎಂಬ ಈ ನಡೆ ಒಂದು ಯಂತ್ರಕ್ಕೆ ನ್ಯಾಯವಾಗಿತ್ತು. ಕಾರಣಗಳು ಹತ್ತು ಯಂತ್ರಗಳಲ್ಲಿ ಹರಡಿದಾಗಲೂ ಅದೇ ಉಳಿದದ್ದು ರಿಪೇರಿಗೆ ಕುಳಿತವರ ದುರದೃಷ್ಟ.

1980ರ ದಶಕದಲ್ಲಿ ಮೇಜಿಗೊಂದು ವರ್ಕ್‌ಸ್ಟೇಷನ್ ಬಂತು. ಎಲ್ಲ ಯಂತ್ರಗಳಿಗೂ ಪಾಸ್‌ವರ್ಡ್ ಕಡತವನ್ನು ನಕಲು ಮಾಡುತ್ತ ಕೂರಲಾದೀತೆ? ಸನ್ ಕಂಪನಿಯ ಯೆಲ್ಲೋ ಪೇಜಸ್ ಆ ಕಡತವನ್ನು ಒಂದು ಸರ್ವರಿನಲ್ಲಿಟ್ಟು ಉಳಿದವಕ್ಕೆ ಹಂಚಿತು. ಆ ಹೆಸರು ಬ್ರಿಟಿಷ್ ಟೆಲಿಕಾಮಿನ ಟ್ರೇಡ್‌ಮಾರ್ಕ್ ಆಗಿದ್ದರಿಂದ ಮುಂದೆ ಎನ್‌ಐಎಸ್ ಆಯಿತು. ಆದರೆ ಗುಪ್ತಲಿಪಿಯ ಪಾಸ್‌ವರ್ಡುಗಳು ಜಾಲದಲ್ಲಿ ಕೇಳಿದವರಿಗೆಲ್ಲ ಸಿಗುತ್ತಿದ್ದವು. ಎಂಐಟಿಯವರಿಗೆ ಅದು ಸಾಲದಾಯಿತು. ಡಿಜಿಟಲ್ ಮತ್ತು ಐಬಿಎಂ ಕಂಪನಿಗಳ ನೆರವಿನಿಂದ 1983ರಲ್ಲಿ ಶುರುವಾದ ಅವರ ಅಥೀನಾ ಯೋಜನೆಯಲ್ಲಿ ವರ್ಕ್‌ಸ್ಟೇಷನ್ನುಗಳು ಸಾರ್ವಜನಿಕ ಕೋಣೆಗಳಲ್ಲಿದ್ದವು, ಯಾವ ವಿದ್ಯಾರ್ಥಿ ಬೇಕಾದರೂ ಯಂತ್ರವನ್ನು ಪೂರ್ತಿ ತನ್ನ ಹತೋಟಿಗೆ ತೆಗೆದುಕೊಳ್ಳಬಹುದಿತ್ತು. ಎದುರಿಗಿರುವ ಯಂತ್ರವನ್ನೇ ನಂಬುವಂತಿಲ್ಲದ ಇಂಥ ಜಾಗದಲ್ಲಿ ಸ್ಟೀವ್ ಮಿಲ್ಲರ್ ಮತ್ತು ಕ್ಲಿಫರ್ಡ್ ನ್ಯೂಮನ್ ಕರ್ಬರೋಸ್ ಎಂಬ ಲಾಗಿನ್ ವ್ಯವಸ್ಥೆಯನ್ನು ರೂಪಿಸಿದರು. ಅದರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬಳಕೆದಾರ ಹೆಸರು ಕೊಟ್ಟೊಡನೆ ಅದಷ್ಟೇ ಸರ್ವರಿಗೆ ಹೋಗುತ್ತದೆ. ಸರ್ವರ್ ಒಂದು ಟಿಕೆಟ್ಟನ್ನು, ಅಂದರೆ ಗುರುತಿನ ಚೀಟಿಯನ್ನು, ಆ ವ್ಯಕ್ತಿಯ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿಯಿಂದ ಬೀಗ ಹಾಕಿ, ಹಿಂದಿರುಗಿಸುತ್ತದೆ. ಟೈಪ್ ಮಾಡಿದ ಪಾಸ್‌ವರ್ಡಿನಿಂದ ಬೀಗ ತೆರೆದರೆ ಸರಿ, ತೆರೆಯದಿದ್ದರೆ ತಪ್ಪು. ಪಾಸ್‌ವರ್ಡ್ ಜಾಲದಲ್ಲಿ ಸಾಗುವುದೇ ಇಲ್ಲ. ಮುಂದೆ ಮೇಲ್ ಬೇಕೆಂದರೆ, ಫೈಲ್ ಬೇಕೆಂದರೆ, ಟಿಕೆಟ್ಟಿನ ಜೊತೆ ಆ ಕ್ಷಣದ ಸಮಯವನ್ನೂ ಬೀಗ ಹಾಕಿ ಕಳಿಸಬೇಕು. ಕದ್ದು ಕೇಳಿದವನು ಅದನ್ನೇ ನಾಳೆ ಮತ್ತೆ ಕಳಿಸಿದರೆ ಹಳಸಿರುತ್ತದೆ. ಎರಡೂ ಕಡೆಯ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸಕ್ಕೆ ಮಾತ್ರ ರಿಯಾಯಿತಿ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತು ತಾರೀಖು ಹತ್ತು ವರ್ಷ ಹಿಂದಕ್ಕೆ ಹೋದ ಯಂತ್ರದಲ್ಲಿ ಎಷ್ಟೇ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಕೆಲಸ ನಡೆಯದಿರುವುದು ಈ ಲೆಕ್ಕದಿಂದ.

ಗಡಿಯಾರವನ್ನು ನಂಬಿದ್ದೇ ತಪ್ಪು ಎಂಬ ಆಕ್ಷೇಪ ಹೊಸತಲ್ಲ. ಸ್ಟೀವನ್ ಬೆಲ್ಲೊವಿನ್ ಮತ್ತು ಮೈಕೇಲ್ ಮೆರಿಟ್ 1990ರ ಹೊತ್ತಿಗೇ ಅದನ್ನು ಎತ್ತಿದ್ದರು: ಸಮಯ ಹೇಳುವ ಸರ್ವರನ್ನೇ ಯಾರಾದರೂ ವಂಚಿಸಿದರೆ ಕರ್ಬರೋಸ್‌ನ ಗತಿಯೇನು? ಸಮಯದ ಬದಲು ಪ್ರತಿ ಸಲವೂ ಹೊಸ ಸವಾಲು ಕಳಿಸಿ ಉತ್ತರ ಪಡೆಯಬಹುದಲ್ಲ ಎಂಬುದು ಅವರ ಸಲಹೆ. ಮಾತು ನ್ಯಾಯವಾದದ್ದು. ಆದರೆ ಹಾಗೆ ಮಾಡಿದರೆ ಪ್ರತಿ ಸೇವೆಯೂ ಯಾರಿಗೆ ಯಾವ ಸವಾಲು ಕೊಟ್ಟೆ ಎಂದು ನೆನಪಿಟ್ಟುಕೊಳ್ಳಬೇಕು, ಜಾಲದಲ್ಲಿ ಹೋಗಿಬರುವ ಸಂದೇಶಗಳೂ ಹೆಚ್ಚಬೇಕು. ಅಂದಿನ ಸರ್ವರುಗಳಿಗೆ ಇದು ದುಬಾರಿ, ಗಡಿಯಾರ ಅಗ್ಗ. ಅದೇ ಟೀಕಾಕಾರರು ತೋರಿದ ಇನ್ನೊಂದು ದೋಷದ ಕತೆ ಇನ್ನೂ ಸ್ವಾರಸ್ಯದ್ದು. ಯಾರ ಹೆಸರಲ್ಲಿ ಕೇಳಿದರೂ ಬೀಗದ ಟಿಕೆಟ್ ಸಿಗುವುದರಿಂದ, ಅದನ್ನು ಒಯ್ದು ಪಾಸ್‌ವರ್ಡನ್ನು ಬಿಡುವಾಗಿ ಊಹಿಸುತ್ತ ಕೂರಬಹುದಿತ್ತು. 1993ರಲ್ಲಿ ಪ್ರಕಟವಾದ ಐದನೆಯ ಆವೃತ್ತಿ ಇದಕ್ಕೆ ದಾರಿ ಮಾಡಿಕೊಟ್ಟಿತು: ಟಿಕೆಟ್ ಕೇಳುವಾಗಲೇ ಸಮಯವನ್ನು ನಿನ್ನ ಕೀಲಿಯಿಂದ ಮುಚ್ಚಿ ಕಳಿಸು ಎಂದು ಸರ್ವರ್ ಕೇಳಬಹುದಾಯಿತು. ಅಲ್ಲಿಗೆ ಗಡಿಯಾರ ಹಿತ್ತಲಿನಿಂದ ಹೆಬ್ಬಾಗಿಲಿಗೇ ಬಂದು ನಿಂತಿತು.

ಹೆಸರಿನ ಕಥೆ ಬೇರೆ ಕಡೆಯಿಂದ ಬಂತು. ಹೆಸರುಗಳ ಡೈರೆಕ್ಟರಿಗೆಂದು ಬಂದ 1988ರ ಎಕ್ಸ್.500 ಎಂಬ ಭಾರೀ ನಿಯಮಾವಳಿಯನ್ನು ಹಗುರ ಮಾಡಿ ಟಿಮ್ ಹೌಸ್ ಮತ್ತು ಸಂಗಡಿಗರು 1993ರಲ್ಲಿ ಎಲ್‌ಡ್ಯಾಪ್ ಪ್ರಕಟಿಸಿದರು. 2000ದ ಫೆಬ್ರವರಿಯಲ್ಲಿ ಬಂದ ವಿಂಡೋಸ್ 2000ದ ಆ್ಯಕ್ಟಿವ್ ಡೈರೆಕ್ಟರಿ, ಎಲ್‌ಡ್ಯಾಪ್, ಕರ್ಬರೋಸ್, ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಈ ಮೂರನ್ನೂ ಒಂದೇ ಕಂತೆ ಕಟ್ಟಿತು. ಅದರಲ್ಲಿ ಮೇಜಿನ ಯಂತ್ರ ಲಾಗಿನ್ ಪರಿಶೀಲಿಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ಡಿಎನ್‌ಎಸ್ ಅನ್ನು ಕೇಳಿ ತಿಳಿಯುತ್ತದೆ. ಡಿಎನ್‌ಎಸ್ ವಿಳಾಸದ ಜಾಗದಲ್ಲಿ ಯಾರೋ ಇಂಟರ್ನೆಟ್ ಕಂಪನಿಯ ಸರ್ವರನ್ನು ತುಂಬಿದ್ದರೆ, ಆ ಸರ್ವರಿಗೆ ಕಚೇರಿಯ ಒಳಗಿನ ಹೆಸರುಗಳ ಗಂಧಗಾಳಿಯೂ ಇರುವುದಿಲ್ಲ, ಕಂಟ್ರೋಲರಿನ ದಾರಿಯೇ ತಪ್ಪುತ್ತದೆ. ಕಂಟ್ರೋಲರ್ ಸಿಗದಿದ್ದರೂ, ಹಿಂದೆ ಆ ಯಂತ್ರದಲ್ಲಿ ಲಾಗಿನ್ ಆದವರನ್ನು ಉಳಿಸಿಟ್ಟ ಗುರುತಿನ ಮೇಲೆ ವಿಂಡೋಸ್ ಒಳಗೆ ಬಿಡುತ್ತದೆ. ಹೀಗಾಗಿ ಬೇರೆಡೆ ಪಾಸ್‌ವರ್ಡ್ ಬದಲಿಸಿದವರಿಗೂ ಜಾಲದಿಂದ ದೂರವಿರುವ ಲ್ಯಾಪ್‌ಟಾಪಿನಲ್ಲಿ ಹಳೆಯದೇ ನಡೆಯುತ್ತದೆ. ಲಾಗಿನ್ ಆಯಿತಲ್ಲ, ಜಾಲ ಸರಿಯಿದೆ ಎಂದು ತೀರ್ಮಾನಿಸಿದವರು ತಪ್ಪಿದ್ದು ಅಲ್ಲೇ.

ಇಷ್ಟೆಲ್ಲ ರಗಳೆಗಿಂತ ಯಂತ್ರಕ್ಕೊಂದು ಕಡತವೇ ವಾಸಿಯಿತ್ತಲ್ಲ ಎನ್ನಬಹುದು. ನೂರಾರು ಯಂತ್ರಗಳಿರುವ ಕಡೆ ಕೆಲಸ ಬಿಟ್ಟುಹೋದ ಒಬ್ಬನ ಹೆಸರನ್ನು ಪ್ರತಿಯೊಂದರಿಂದಲೂ ಅಳಿಸಬೇಕಾದಾಗ ಆ ಮಾತು ನಿಲ್ಲುವುದಿಲ್ಲ. ಈಗ ಎಲ್ಲ ಬ್ರೌಸರಿನಲ್ಲೇ ನಡೆಯುವುದರಿಂದ ಇದು ಮುಗಿದ ಕತೆ ಎಂಬುದೂ ಪೂರ್ತಿ ನಿಜವಲ್ಲ. 2011ರ ನಿಯಮಾವಳಿಯ ಪ್ರಕಾರ ಲಾಗಿನ್‌ಗೆಂದು ಮೊಬೈಲ್ ಆ್ಯಪ್ ತೋರಿಸುವ ಆರಂಕಿ ಸಂಕೇತ ಹುಟ್ಟುವುದೂ ಸಮಯದಿಂದಲೇ, 30 ಸೆಕೆಂಡಿಗೊಮ್ಮೆ. ಫೋನಿನ ಗಡಿಯಾರ ಕೆಲವು ನಿಮಿಷ ಆಚೀಚೆಯಾದರೆ ಸಂಕೇತ ತಪ್ಪು ಎಂದು ಪರದೆ ಹೇಳುತ್ತದೆ, ಗಡಿಯಾರದ ಸುದ್ದಿ ಎತ್ತುವುದಿಲ್ಲ.