ಸರ್ಟಿಫಿಕೇಟ್ ಕೈಲಿದೆ, ಎಕ್ಸ್‌ಪೀರಿಯೆನ್ಸ್ ಎಲ್ಲಿಂದ ತರೋದು?

ಬಿ.ಜಿ. ನಗರದಲ್ಲಿ ಬೆಂಗಳೂರು ರೈಲು ಹತ್ತಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ ಇವತ್ತಿನ ಕಂತು. ಇಂಟರ್‌ವ್ಯೂಗೆ ಅಂತ ಹೊರಟಿದ್ದರೆ ಪೂರ್ತಿ ಕೇಳಿ.

ಹೊರಗಿನವರಿಗೆ ಆದಿಚುಂಚನಗಿರಿ ಅಂದ್ರೆ ಬೆಟ್ಟ, ಕಾಲಭೈರವ, ನವಿಲು. ನಮ್ಮ ಕಡೆಯವರಿಗೆ ಅದರ ಜೊತೆಗೆ ಕಾಲೇಜು. 1974ರಲ್ಲಿ ಬಾಲಗಂಗಾಧರನಾಥ ಸ್ವಾಮೀಜಿ ಪೀಠಕ್ಕೆ ಬಂದ ಮೇಲೆ ಮಠದ ಶಿಕ್ಷಣ ಸಂಸ್ಥೆಗಳು ಒಂದರ ಹಿಂದೆ ಒಂದು ಬಂದವು. 2007ರಲ್ಲಿ ಬಿ.ಜಿ. ನಗರದಲ್ಲೇ ಇಂಜಿನಿಯರಿಂಗ್ ಕಾಲೇಜು, 2018ರಲ್ಲಿ ವಿಶ್ವವಿದ್ಯಾಲಯ. ಈಗಿನ ನಿರ್ಮಲಾನಂದನಾಥ ಸ್ವಾಮೀಜಿಯವರೇ ಐಐಟಿ ಮದ್ರಾಸ್‌ನಲ್ಲಿ ಎಂ.ಟೆಕ್ ಓದಿದವರು. ಮಂಡ್ಯದಲ್ಲಿ ಪಿಇಎಸ್ ಕಾಲೇಜು 1962ರಿಂದಲೇ ಇದೆ. ಅಂದ್ರೆ ನಾಗಮಂಗಲದ ಹಳ್ಳಿ ಹುಡುಗಿಗೆ ಇವತ್ತು ಡಿಗ್ರಿ ದೂರದ ಮಾತಲ್ಲ. ಆನ್‌ಲೈನ್ ಕೋರ್ಸ್ ಮಾಡಿ ಕ್ಲೌಡ್ ಸರ್ಟಿಫಿಕೇಟನ್ನೂ ಮನೇಲೇ ಕೂತು ತಗೋಬಹುದು. ಆದ್ರೆ ಮೊದಲ ಇಂಟರ್‌ವ್ಯೂನಲ್ಲೇ ಪ್ರಶ್ನೆ ಬರುತ್ತೆ: "ಎಕ್ಸ್‌ಪೀರಿಯೆನ್ಸ್ ಎಷ್ಟಿದೆ?"

ಈ ಪ್ರಶ್ನೆಗೂ ಒಂದು ಇತಿಹಾಸ ಇದೆ. ಅದು ಟೈಪಿಂಗ್ ಇನ್‌ಸ್ಟಿಟ್ಯೂಟಿಂದ ಶುರುವಾಗುತ್ತೆ ಅಂತ ನನ್ನ ಲೆಕ್ಕ.

ನಿಮ್ಮ ಅತ್ತೆನೋ ಚಿಕ್ಕಪ್ಪನೋ ಜೂನಿಯರ್, ಸೀನಿಯರ್ ಅಂತ ಟೈಪಿಂಗ್ ಪಾಸ್ ಮಾಡಿರ್ತಾರೆ, ಕೇಳಿ ನೋಡಿ. ಕೆ.ಆರ್. ಪೇಟೆಯಂಥ ಊರಲ್ಲೂ ಆ ಟಕಟಕ ಸದ್ದು ಇತ್ತು. ಆ ಸರ್ಟಿಫಿಕೇಟ್ ತೋರಿಸಿದ್ರೆ ಯಾರೂ "ಅನುಭವ ಇದೆಯಾ" ಅಂತ ಹೆಚ್ಚು ಕೆದಕ್ತಿರಲಿಲ್ಲ. ಯಾಕೆ? ಪರೀಕ್ಷೆಯಲ್ಲಿ ಮಷೀನ್ ಮುಂದೆ ಕೂತು ಹೊಡೆಯಬೇಕಿತ್ತು, ಆಫೀಸಲ್ಲೂ ಅದೇ ಕೆಲಸ. ಪರೀಕ್ಷೆಗೂ ಕೆಲಸಕ್ಕೂ ನಡುವೆ ಅಂತರವೇ ಇರಲಿಲ್ಲ.

ಕಂಪ್ಯೂಟರ್ ಬಂದಾಗ ಆ ಅಂತರ ಹುಟ್ಟಿತು. 1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್ಟೆಕ್ ಶುರುವಾದವು. 1990ರಲ್ಲಿ ಸರ್ಕಾರವೇ 'ಓ' ಲೆವೆಲ್, 'ಎ' ಲೆವೆಲ್ ಅಂತ ಡೋಯಾಕ್ ಪರೀಕ್ಷೆಗಳನ್ನು ತಂದಿತು. ದಶಕದ ಕೊನೆಗೆ ವೈ2ಕೆ ಗಲಾಟೆ. 2000ನೇ ಇಸವಿ ಬಂದ ಕೂಡಲೇ ಹಳೇ ಪ್ರೋಗ್ರಾಮ್‌ಗಳು ದಿನಾಂಕ ತಪ್ಪಿ ಕೆಡುತ್ತವೆ ಅನ್ನೋ ಭಯ. ರಿಪೇರಿಗೆ ಸಾವಿರಾರು ಕೈ ಬೇಕು, ಗಡುವು ಮುಂದಕ್ಕೆ ಹೋಗಲ್ಲ. ಆಗ ಕೋರ್ಸ್ ಮುಗಿಸಿದ ಹೊಸಬರಿಗೂ ಬಾಗಿಲು ಸುಲಭವಾಗಿ ತೆರೆಯಿತು. ಇವತ್ತೂ ಮನೆಯ ದೊಡ್ಡವರು "ಒಂದು ಕೋರ್ಸ್ ಮಾಡ್ಕೋ, ಕೆಲಸ ಸಿಗುತ್ತೆ" ಅಂತಾರಲ್ಲ, ಆ ಮಾತು ಆ ಕೆಲವೇ ವರ್ಷಗಳದ್ದು. 2000ದ ಮಾರ್ಚ್ ನಂತರ ಅಮೆರಿಕದಲ್ಲಿ ಡಾಟ್‌ಕಾಮ್ ಕಂಪನಿಗಳ ಷೇರು ಕುಸಿದು ಆ ಕಾಲ ಮುಗಿಯಿತು. ಮಾತು ಮಾತ್ರ ಉಳ್ಕೊಂಡಿತು.

ಅದೇ ಹೊತ್ತಿಗೆ ಇನ್ನೊಂದು ಎಡವಟ್ಟು. ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಪರೀಕ್ಷೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಪಾಸಾದವರು ಎಷ್ಟು ಹೆಚ್ಚಿದರು ಅಂದ್ರೆ, 'ಪೇಪರ್ ಎಂಸಿಎಸ್‌ಇ' ಅನ್ನೋ ಬೈಗುಳವೇ ಹುಟ್ಟಿತು. ಕಾಗದದಲ್ಲಿ ಇಂಜಿನಿಯರು, ಸರ್ವರ್ ಮುಂದೆ ಕೂರಿಸಿದ್ರೆ ಗೊತ್ತಿಲ್ಲ. ಪ್ರಾಮಾಣಿಕವಾಗಿ ಓದಿದವರ ಕಾಗದದ ಬೆಲೆಯೂ ಇದರಿಂದ ಇಳಿಯಿತು. ಎಲ್ಲ ಪರೀಕ್ಷೆಯೂ ಹಾಗಿರಲಿಲ್ಲ ಅನ್ನೋದನ್ನ ಗಮನಿಸಿ. 1993ರಲ್ಲಿ ಬಂದ ಸಿಸ್ಕೋದ ಸಿಸಿಐಇಯಲ್ಲಿ ಲ್ಯಾಬಲ್ಲಿ ಕೂತು ನೆಟ್‌ವರ್ಕ್ ಕಟ್ಟಿ ತೋರಿಸಬೇಕು. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಇಯಲ್ಲಿ, ಈಚಿನ ಕುಬರ್ನೆಟೀಸ್‌ನ ಸಿಕೆಎಯಲ್ಲಿ ಕೂಡ ಟರ್ಮಿನಲ್ ಮುಂದೆ ಕೆಲಸ ಮಾಡಿಯೇ ಪಾಸಾಗಬೇಕು. ಇವೆಲ್ಲ ನನ್ನ ಕಣ್ಣಿಗೆ ಟೈಪಿಂಗ್ ಪರೀಕ್ಷೆಯ ಮೊಮ್ಮಕ್ಕಳು. ಫೀಸಿಗೆ ದುಡ್ಡು ಹೊಂದಿಸೋ ಮುಂಚೆ ನಿಮ್ಮ ಪರೀಕ್ಷೆ ಯಾವ ಜಾತಿದು ಅಂತ ನೋಡ್ಕೊಳ್ಳಿ.

ಸರಿ, ಕೆಲಸ ಕೊಟ್ಟು ಕೆಲಸ ಕಲಿಸೋರು ಯಾರೂ ಇರಲಿಲ್ವಾ? ಇದ್ರು. 1995ರಲ್ಲಿ ವಿಪ್ರೋ, ಬಿಟ್ಸ್ ಪಿಲಾನಿ ಜೊತೆ ಸೇರಿ 'ವೇಸ್' ಅನ್ನೋ ಕಾರ್ಯಕ್ರಮ ಶುರುಮಾಡಿತು. ಬಿ.ಎಸ್‌ಸಿ. ಮುಗಿಸಿದವರಿಗೆ ಸಂಬಳ ಕೊಟ್ಟು ಕೆಲಸ, ಜೊತೆಗೆ ಎಂ.ಎಸ್. ಓದು. ಅದರ ಮುಂದುವರಿಕೆ ಈಗ 'ವಿಲ್ಪ್' ಅಂತ ನಡೀತಿದೆ. ಬಿಸಿಎ ಮಾಡಿದವರು ಈ ಹೆಸರು ನೆನಪಿಟ್ಕೊಳ್ಳಿ. ಶ್ರೀರಂಗಪಟ್ಟಣ ದಾಟಿದರೆ ಸಿಗೋ ಮೈಸೂರಲ್ಲಿ ಇನ್ಫೋಸಿಸ್ ದೊಡ್ಡ ತರಬೇತಿ ಕ್ಯಾಂಪಸ್ಸನ್ನೇ ಕಟ್ಟಿತು. ಹೊಸಬರಿಗೆ ಅನುಭವ ಕೊಡೋದು ಕಂಪನಿಯ ಖರ್ಚು ಅನ್ನೋ ಒಪ್ಪಂದ ಅದು. ಆದ್ರೆ 2025ರ ಫೆಬ್ರವರಿಯಲ್ಲಿ ಅದೇ ಕ್ಯಾಂಪಸ್‌ನಿಂದ, ಆಂತರಿಕ ಪರೀಕ್ಷೆಯಲ್ಲಿ ಮೂರು ಸಲವೂ ಪಾಸಾಗಲಿಲ್ಲ ಅಂತ 300ಕ್ಕೂ ಹೆಚ್ಚು ಟ್ರೇನಿಗಳನ್ನು ಕಳಿಸಿದ ಸುದ್ದಿ ಓದಿದ್ರಲ್ಲ. ಆಫರ್ ಲೆಟರ್ ಹಿಡ್ಕೊಂಡು ಎರಡು ವರ್ಷ ಕಾದು ಸೇರಿದವರೂ ಅವರಲ್ಲಿದ್ರು. ಆ ಹಳೇ ಒಪ್ಪಂದ ಸಡಿಲ ಆಗಿದೆ, ಅಷ್ಟೇ ನನ್ನ ಮಾತು.

ಈ ಸಂದಿಯಲ್ಲೇ ನಕಲಿ ಎಕ್ಸ್‌ಪೀರಿಯೆನ್ಸ್ ಮಾರೋರು ನುಗ್ಗೋದು. "ಎರಡು ವರ್ಷದ ಅನುಭವ, ಸ್ಯಾಲರಿ ಸ್ಲಿಪ್ ಸಮೇತ" ಅಂತಾರೆ. ಅಪ್ಪ ಕಬ್ಬಿನ ದುಡ್ಡಲ್ಲಿ ಉಳಿಸಿದ್ದನ್ನ ಅಲ್ಲಿಗೆ ಸುರೀಬೇಡಿ ಕಣ್ರಪ್ಪಾ. ಇಂಥ ಸುಳ್ಳು ಹಿಡಿಯೋಕೆ ಅಂತಲೇ ನಾಸ್ಕಾಂ 2006ರಲ್ಲಿ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ತಂದಿತು. 2014ರಿಂದ ಪಿಎಫ್‌ಗೆ ಯುಎಎನ್ ನಂಬರ್ ಬಂತು. ಯಾವ ಕಂಪನಿ ಯಾವ ತಿಂಗಳು ಪಿಎಫ್ ಕಟ್ಟಿತು ಅನ್ನೋದು ಪಾಸ್‌ಬುಕ್ಕಲ್ಲಿ ಕಾಣುತ್ತೆ. ಸ್ಲಿಪ್ ಪ್ರಿಂಟ್ ಹಾಕಿಸಬಹುದು, ಆ ಸಾಲು ಪ್ರಿಂಟ್ ಆಗಲ್ಲ. ಕೆಲಸ ಸಿಕ್ಕು ವರ್ಷವಾದ ಮೇಲೂ ಸಿಕ್ಕಿಬಿದ್ದು ಮನೆಗೆ ಬರಬೇಕಾಗುತ್ತೆ.

ಬದಲಿಗೆ, ತುಂಬ ಜನ ಮರೆತಿರೋ ಒಂದು ಕಾನೂನು ಇದೆ: 1961ರ ಅಪ್ರೆಂಟಿಸ್ ಕಾಯ್ದೆ. ಐಟಿಐ ಹುಡುಗರಿಗೆ ಮಾತ್ರ ಅಂದ್ಕೊಂಡಿದೀವಿ. 1973ರ ತಿದ್ದುಪಡಿಯಲ್ಲೇ ಇಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾದವರು ಅದರೊಳಗೆ ಬಂದರು. 2019ರ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೋಬೇಕು. ಸಾಫ್ಟ್‌ವೇರ್ ಕಂಪನಿಗೂ ಇದು ಅನ್ವಯ. ಸ್ಟೈಪೆಂಡ್ ಸಣ್ಣದು, ಬೆಂಗಳೂರಿನ ಪಿಜಿ ಬಾಡಿಗೆಗೇ ಹೋಗಿಬಿಡುತ್ತೆ, ಅದು ನಿಜ. ಆದ್ರೆ ಮುಗಿದ ಮೇಲೆ ಸಿಗೋ ಸರ್ಕಾರದ ಪ್ರಮಾಣಪತ್ರದಲ್ಲಿ ಕೆಲಸ ಕಲಿತ ಸಂಸ್ಥೆಯ ಹೆಸರು, ಅವಧಿ ಎರಡೂ ಇರುತ್ತೆ. ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಫೋನಲ್ಲೇ ಆಗುತ್ತೆ, ರೈಲು ಕುಣಿಗಲ್ ತಲುಪೋದ್ರೊಳಗೆ ಶುರುಮಾಡಬಹುದು.