ಹೊಸಬರ ನಡವಳಿಕೆ, ಕನ್ನಡ ವಿಕಿಪೀಡಿಯದಲ್ಲಿ

ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶಕ್ಕೆ ಹೊಸದಾಗಿ ಬಂದವರು ಏನು ಬರೆಯುತ್ತಾರೆ, ತಿದ್ದಿದವರಿಗೆ ಏನು ಉತ್ತರ ಕೊಡುತ್ತಾರೆ, ಹೇಳಿದ್ದನ್ನು ಕೇಳುತ್ತಾರೋ ಇಲ್ಲವೋ ಎಂದು ನೋಡಿಕೊಳ್ಳುವುದು ಒಂದು ಕೆಲಸ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಅಂದಿನಿಂದಲೂ ಈ ಕೆಲಸ ಸಂಬಳವಿಲ್ಲದ ಬೆರಳೆಣಿಕೆಯ ನಿರ್ವಾಹಕರ ಮತ್ತು ಒಂದಷ್ಟು ಹಳೆಯ ಸಂಪಾದಕರ ಹೆಗಲ ಮೇಲಿದೆ. ಕಿಡಿಗೇಡಿಗಳನ್ನು ಓಡಿಸುವುದೇ ಇದರ ಮುಖ್ಯ ಭಾಗ ಎಂದು ಹೊರಗಿನವರು ತಿಳಿಯುವುದುಂಟು. ಕನ್ನಡದ ಮಟ್ಟಿಗೆ ಅದು ಸಣ್ಣ ತಲೆನೋವು. ದೊಡ್ಡ ತಲೆನೋವು ಬಂದದ್ದು ಒಳ್ಳೆಯ ಉದ್ದೇಶ ಇಟ್ಟುಕೊಂಡು, ಅದೂ ಗುಂಪುಗುಂಪಾಗಿ ಬಂದವರಿಂದ.

ಈ ಕೆಲಸದ ಬೇರು ಇರುವುದು ಇಂಗ್ಲಿಷ್ ವಿಕಿಪೀಡಿಯದಲ್ಲಿ. ಅದು ಹುಟ್ಟಿದ್ದು 2001ರ ಜನವರಿ 15ರಂದು. ಅದಕ್ಕೂ ಮೊದಲು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ನಡೆಸುತ್ತಿದ್ದ ನ್ಯುಪೀಡಿಯ ಎಂಬ ಜಾಲ ವಿಶ್ವಕೋಶದಲ್ಲಿ ಪ್ರತಿ ಲೇಖನವೂ ಏಳು ಹಂತದ ಪರಿಶೀಲನೆ ದಾಟಬೇಕಿತ್ತು. ಮೊದಲ ವರ್ಷ ಮುಗಿದಾಗ ಕೈಗೆ ಸಿಕ್ಕಿದ್ದು ಇಪ್ಪತ್ತರ ಆಸುಪಾಸಿನ ಲೇಖನಗಳು. 1969ರಲ್ಲಿ ಮೊದಲ ಸಂಪುಟ ಕಂಡ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ದಾರಿಯೂ ಅದೇ: ವಿದ್ವಾಂಸರು ಬರೆಯಬೇಕು, ಸಂಪಾದಕರು ನೋಡಬೇಕು, ಆಮೇಲೆ ಅಚ್ಚು. ವಿಕಿಯಲ್ಲಿ ಇದು ತಿರುಗಾಮುರುಗಾ ಆಯಿತು. ಮೊದಲು ಪ್ರಕಟಣೆ, ಆಮೇಲೆ ಪರಿಶೀಲನೆ. ಹೀಗಾಗಿ ಬರಹ ತಿದ್ದುವುದರ ಜೊತೆಗೆ ಬರೆದವರನ್ನು ತಿದ್ದುವ ಕೆಲಸವೂ ಗಂಟುಬಿತ್ತು. ಎದುರಿನವರ ಉದ್ದೇಶ ಒಳ್ಳೆಯದೆಂದೇ ಮೊದಲು ನಂಬಿ, ಹೊಸಬರ ಮೇಲೆ ಎಗರಬೇಡಿ ಎಂಬ ಕಟ್ಟಳೆಗಳು ಆ ಕಾಲದಲ್ಲೇ ಹುಟ್ಟಿದವು. ಒಂದೇ ಲೇಖನದಲ್ಲಿ ಬೇರೆಯವರ ಬದಲಾವಣೆಗಳನ್ನು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡುವಂತಿಲ್ಲ ಎಂಬ ನಿಯಮ 2004ರದು. 2005ರಲ್ಲಿ ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ಪತ್ರಕರ್ತರನ್ನು ಕೆನಡಿ ಹತ್ಯೆಯೊಂದಿಗೆ ತಳುಕು ಹಾಕಿದ ಸುಳ್ಳು ಬರಹ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಅದು ಬಯಲಾದ ಮೇಲೆ, ಖಾತೆ ಇಲ್ಲದವರು ಇಂಗ್ಲಿಷ್ ವಿಕಿಯಲ್ಲಿ ಹೊಸ ಲೇಖನ ತೆರೆಯುವುದಕ್ಕೆ ತಡೆ ಬಿತ್ತು.

ಕೆಲಸ ನಡೆಯುವ ಬಗೆ ಹೀಗೆ. ತಿಪಟೂರು ತಾಲ್ಲೂಕಿನ ಬಿಳಿಗೆರೆಯಂಥ ಊರಿನ ಲೇಖನವನ್ನು ಆ ಕಡೆಯ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ತೆರೆದ ಅಂದುಕೊಳ್ಳಿ. ‘ಸಂಪಾದಿಸಿ’ ಒತ್ತಿ, ‘ನಮ್ಮೂರು ಕಲ್ಪತರು ನಾಡಿನಲ್ಲೇ ಚೆಂದದ ಊರು’ ಎಂದು ಸೇರಿಸಿ, ಕೆಳಗೆ ಪರಿಚಯದ ಕೊಬ್ಬರಿ ವ್ಯಾಪಾರಿಯ ಫೋನ್ ನಂಬರನ್ನೂ ಹಾಕಿದ. ಅರೆಗಳಿಗೆಯಲ್ಲಿ ಅದು ಲೋಕಕ್ಕೆಲ್ಲ ಕಾಣುತ್ತದೆ. ಅದೇ ಹೊತ್ತಿಗೆ ‘ಇತ್ತೀಚೆಗಿನ ಬದಲಾವಣೆಗಳು’ ಪುಟದಲ್ಲಿ ಒಂದು ಸಾಲು ಮೂಡುತ್ತದೆ: ಲೇಖನದ ಹೆಸರು, ಸಮಯ, ಎಷ್ಟು ಬೈಟ್ ಹೆಚ್ಚಾಯಿತೆಂಬ ಹಸಿರು ಅಂಕಿ, ಬರೆದವರ ಗುರುತು. ಹಳಬರೊಬ್ಬರು ಅದನ್ನು ನೋಡಿ ರದ್ದು ಮಾಡುತ್ತಾರೆ. ರದ್ದಾದ ಸಾಲು ಲೇಖನದ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಫೋನ್ ನಂಬರಿನಂಥದನ್ನು ನಿರ್ವಾಹಕರು ಅಲ್ಲಿಂದಲೂ ಮರೆಮಾಡಬಲ್ಲರು. ಬಳಿಕ ಹುಡುಗನ ಚರ್ಚೆಪುಟದಲ್ಲಿ ಸ್ವಾಗತದ ಒಂದು ಟಿಪ್ಪಣಿ, ಹೊಗಳಿಕೆಯೂ ಜಾಹೀರಾತೂ ಇಲ್ಲಿ ಸಲ್ಲವೆಂಬ ಒಂದು ಮಾತು. ಮತ್ತೆ ಅದನ್ನೇ ಮಾಡಿದರೆ ಎಚ್ಚರಿಕೆ. ಅದಕ್ಕೂ ಬಗ್ಗದಿದ್ದರೆ ಕೆಲವು ಗಂಟೆಯಿಂದ ಹಿಡಿದು ಕಾಯಂ ಆಗಿಯೂ ಹಾಕಬಹುದಾದ ತಡೆ.

ಇಲ್ಲಿ ಎರಡು ತೊಡಕುಗಳಿವೆ. ಖಾತೆ ತೆರೆಯದೆ ಬರೆದವರನ್ನು ಐಪಿ ವಿಳಾಸದ ಮೇಲೆ ತಡೆದರೆ, ಮೊಬೈಲ್ ಜಾಲದಲ್ಲಿ ಅದೇ ವಿಳಾಸ ಹಂಚಿಕೊಂಡ ಪಾಪದವರೂ ಸಿಕ್ಕಿಕೊಳ್ಳುತ್ತಾರೆ. ಎರಡನೆಯದು ಇನ್ನೂ ವಿಚಿತ್ರ: ವಿಕಿಪೀಡಿಯದ ಮೊಬೈಲ್ ಆ್ಯಪ್‌ಗಳಲ್ಲಿ ಚರ್ಚೆಪುಟಕ್ಕೆ ಬಂದ ಸಂದೇಶ ಬಹುಕಾಲ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಎಚ್ಚರಿಕೆ ಕೊಟ್ಟವರು ‘ಈತ ಕಿವಿಗೇ ಹಾಕಿಕೊಳ್ಳುತ್ತಿಲ್ಲ’ ಎಂದು ರೇಗುತ್ತಿದ್ದರೆ, ಆತನಿಗೆ ಯಾರೋ ಮಾತಾಡಿಸಿದ್ದಾರೆಂಬುದೇ ಗೊತ್ತಿರುತ್ತಿರಲಿಲ್ಲ.

ಕನ್ನಡದಲ್ಲಿ ಮೊದಲ ವರ್ಷಗಳ ಸಮಸ್ಯೆ ಶಿಸ್ತಿನದಲ್ಲ, ಜನರ ಕೊರತೆಯದು. 2005ರಲ್ಲಿ ‘ಸಂಪದ’ ತಾಣವನ್ನು ಕಟ್ಟಿದ ಹರಿಪ್ರಸಾದ್ ನಾಡಿಗ್ ಆ ದಿನಗಳ ಮುಖ್ಯ ನಿರ್ವಾಹಕರಲ್ಲಿ ಒಬ್ಬರು. ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿ ರೂಢಿಯಾದವರು ಅದನ್ನೇ ತಂದು ಅಂಟಿಸಿದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಎಂದರೇನೆಂದು ವಿವರಿಸುವುದೇ ಹೊಸಬರಿಗೆ ಮೊದಲ ಪಾಠ. ಸಮುದಾಯದ ಮಾತುಕತೆಗೆಂದು ಇರುವ ಪುಟದ ಹೆಸರು ಅರಳಿಕಟ್ಟೆ. ತಕರಾರು, ಸಲಹೆ, ಮುನಿಸು ಎಲ್ಲವೂ ಅಲ್ಲಿಗೇ ಬರುತ್ತಿದ್ದವು, ಈಗಲೂ ಬರುತ್ತವೆ.

ಮೊದಲ ದೊಡ್ಡ ಗುಂಪು ಬಂದದ್ದು ಗೂಗಲ್ ಕಡೆಯಿಂದ. ಇಂಗ್ಲಿಷ್ ಲೇಖನಗಳನ್ನು ತನ್ನ ಅನುವಾದ ಸಲಕರಣೆಯಿಂದ ಭಾಷಾಂತರಿಸಿ ವಿಕಿಗೆ ಹಾಕಿಸುವ ಯೋಜನೆಯನ್ನು ಆ ಕಂಪನಿ 2008ರಲ್ಲಿ ಹಿಂದಿಯಿಂದ ಆರಂಭಿಸಿ, ಕನ್ನಡ, ತಮಿಳು, ತೆಲುಗು, ಗುಜರಾತಿ ಮತ್ತು ಅರೇಬಿಕ್‌ಗೆ ವಿಸ್ತರಿಸಿತು. 2010ರ ಜುಲೈ ಹೊತ್ತಿಗೆ ಎಲ್ಲ ಭಾಷೆ ಸೇರಿ 1.6 ಕೋಟಿ ಪದ ಸೇರಿಸಿದ್ದಾಗಿ ಅದು ಹೇಳಿಕೊಂಡಿತು. ಕೂಲಿಗೆ ಅನುವಾದ ಮಾಡಿದವರಿಗೆ ಲೇಖನ ಒಪ್ಪಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷ್ ವಾಕ್ಯದ ಬಾಲ ಹಿಡಿದುಕೊಂಡೇ ಬಂದ ಕನ್ನಡ, ಎಲ್ಲಿ ನೋಡಿದರೂ ಇನ್ನೂ ಇಲ್ಲದ ಪುಟಗಳತ್ತ ತೋರಿಸುವ ಕೆಂಪು ಕೊಂಡಿಗಳು, ಚರ್ಚೆಪುಟದಲ್ಲಿ ಕೇಳಿದ ಪ್ರಶ್ನೆಗೆ ಮೌನ. ಬಂಗಾಳಿ ಸಮುದಾಯ ಇಂಥ ಲೇಖನಗಳನ್ನು ಖಡಾಖಂಡಿತವಾಗಿ ತೆಗೆದುಹಾಕಿತು. ತಮಿಳರು ಗೂಗಲ್ ಜೊತೆ ಮಾತಿಗೆ ಕುಳಿತು ಷರತ್ತು ಹಾಕಿದರು. ಕನ್ನಡದಲ್ಲಿ ಅಷ್ಟು ಕೈಗಳಿರಲಿಲ್ಲ. ಆ ಕಾಲದ ಉದ್ದುದ್ದ ಅನುವಾದಗಳನ್ನು ತಿದ್ದುವ ಕೆಲಸ ಬಹಳ ವರ್ಷ ಬಾಕಿ ಉಳಿಯಿತು. ಒಬ್ಬೊಬ್ಬ ಪುಂಡನಿಗೆಂದು ರೂಪಿಸಿದ ಎಚ್ಚರಿಕೆ ಮತ್ತು ತಡೆಯ ಕ್ರಮ, ಹೇಳಿದ ಕೆಲಸ ಮಾಡಿ ಹೊರಟುಹೋಗುವ ಸಭ್ಯರ ಮುಂದೆ ನಡೆಯದು ಎಂಬುದು ಆಗಲೇ ಗೊತ್ತಾಗಬೇಕಿತ್ತು.

ಎರಡನೆಯ ಗುಂಪು ವಿದ್ಯಾರ್ಥಿಗಳದು. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಗೆ ಬರೆಸುವ ಕಾರ್ಯಕ್ರಮ ನಡೆದಾಗ ಪಠ್ಯಪುಸ್ತಕದ ಸಾಲುಗಳನ್ನು ಯಥಾವತ್ತು ಇಳಿಸಿದ್ದು ಎಷ್ಟಾಯಿತೆಂದರೆ, ಅದನ್ನು ಆ ವರ್ಷವೇ ನಿಲ್ಲಿಸಬೇಕಾಯಿತು. ಈ ಪಾಠ ಕಣ್ಣೆದುರಿಗೆ ಇದ್ದೇ 2013ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಭಾಷೆಗಳ ಕಾರ್ಯಕ್ರಮ ಶುರುವಾಯಿತು; ದ್ವಿತೀಯ ಭಾಷೆಯಾಗಿ ಕನ್ನಡ ಓದುವವರು ಕನ್ನಡ ವಿಕಿಗೆ ಬಂದರು. ಮುಂದೆ ಮಂಗಳೂರಿನ ಸಂತ ಅಲೋಶಿಯಸ್, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳೂ ಸೇರಿಕೊಂಡವು. ಅಂಕಕ್ಕಾಗಿ ಬರೆಯುವವರಿಗೆ ಗಡುವು ಮುಖ್ಯ. ಅದು ಹತ್ತಿರ ಬಂದಾಗ ನೂರಾರು ಜನ ಒಟ್ಟಿಗೆ ಬಂದರೆ, ಇರುವ ನಾಲ್ಕಾರು ನಿರ್ವಾಹಕರು ಯಾರದನ್ನೆಂದು ನೋಡಬೇಕು? ಕಂಡುಕೊಂಡ ಉಪಾಯ ಸರಳ: ವಿದ್ಯಾರ್ಥಿ ಮೊದಲು ತನ್ನ ಪ್ರಯೋಗಪುಟದಲ್ಲಿ ಬರೆಯಬೇಕು, ಯಾರಾದರೂ ಓದಿ ಒಪ್ಪಿದ ಮೇಲೆಯೇ ಅದು ಲೇಖನವಾಗಬೇಕು. 1996ರಲ್ಲೇ ಕನ್ನಡದ ಮೊದಲ ಜಾಲತಾಣ ‘ವಿಶ್ವಕನ್ನಡ’ವನ್ನು ಆರಂಭಿಸಿದ್ದ ಯು. ಬಿ. ಪವನಜ ಈ ವರ್ಷಗಳ ಕಾರ್ಯಾಗಾರಗಳಲ್ಲಿ ಮುಂದೆ ನಿಂತು ದುಡಿದವರು. ಯಾವ ಎಚ್ಚರಿಕೆಯ ಫಲಕಕ್ಕಿಂತಲೂ ಪ್ರಯೋಗಪುಟದ ಈ ಕ್ರಮವೇ ಕನ್ನಡದಲ್ಲಿ ಹೆಚ್ಚು ಫಲ ಕೊಟ್ಟಿತು ಎನ್ನಬೇಕು.

ನಕಲಿನ ಪ್ರಶ್ನೆಗೆ ಮೈಸೂರಿನಿಂದ ಅನಿರೀಕ್ಷಿತ ನೆರವು ಬಂತು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿತು. ಪಠ್ಯಪುಸ್ತಕದಿಂದ ಇಳಿಸಿದರೆ ತಪ್ಪಾಗುವ ಕೆಲಸ ಆ ಸಂಪುಟಗಳಿಂದ, ಮೂಲ ಹೇಳಿ ಇಳಿಸಿದರೆ ತಪ್ಪಲ್ಲ.

ಆಕರದ ಜಗಳ ಮಾತ್ರ ಬಗೆಹರಿದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರಿಗೆ ತೆಂಗಿಗೆ ನುಸಿ ಪೀಡೆ ಬಂದ ವರ್ಷಗಳ ಕಥೆ ಬಾಯಲ್ಲೇ ಇದೆ. ಅದನ್ನು ಬರೆಯಲು ಕೂತವರಿಗೆ ‘ಉಲ್ಲೇಖ ಕೊಡಿ’ ಎಂದರೆ ಅವರು ಅಪ್ಪನನ್ನೋ ತೋಟವನ್ನೋ ತೋರಿಸಬೇಕು. ನಿಯಮ ಕೇಳುವುದು ಅಚ್ಚಾದ ಆಧಾರ. ಬೆಂಗಳೂರಿನ ಅಚಲ್ ಪ್ರಭಲ 2011ರಲ್ಲಿ ಮಲಯಾಳಂ, ಹಿಂದಿ ಮತ್ತು ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ ಮೌಖಿಕ ಉಲ್ಲೇಖದ ಪ್ರಯೋಗ ಮಾಡಿದರೂ ಇಂಗ್ಲಿಷ್ ವಿಕಿ ಅದನ್ನು ರೂಢಿಗೆ ತಂದುಕೊಳ್ಳಲಿಲ್ಲ. ಹೊಸಬರ ಹಟವೆಂದು ಎಣಿಸಿದ್ದರಲ್ಲಿ ಎಷ್ಟೋ ಪಾಲು ಹಟವಲ್ಲ, ಇಂಥ ಇಕ್ಕಟ್ಟು.

ಗದರಿಕೆಯ ಬೆಲೆ ಏನೆಂದು 2013ರಲ್ಲಿ ಸಂಶೋಧಕ ಆ್ಯರನ್ ಹಾಫೇಕರ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಇಂಗ್ಲಿಷ್ ವಿಕಿಯ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತ್ತು. ಅರೆಯಾಂತ್ರಿಕ ಸಲಕರಣೆಗಳಿಂದ ತಟಪಟನೆ ರದ್ದಾದ ಕೊಡುಗೆಗಳು ಸದುದ್ದೇಶದ ಹೊಸಬರನ್ನೂ ಹೊರಗೆ ದೂಡುತ್ತಿದ್ದವು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2021ರ ಫೆಬ್ರವರಿಯಲ್ಲಿ ಎಲ್ಲ ಭಾಷೆಗಳಿಗೂ ಅನ್ವಯಿಸುವ ಸಾರ್ವತ್ರಿಕ ನೀತಿಸಂಹಿತೆ ಪ್ರಕಟಿಸಿತು. ಅದನ್ನು ಜಾರಿಗೆ ತರುವ ಸಮನ್ವಯ ಸಮಿತಿಗೆ 2024ರಲ್ಲಿ ಚುನಾವಣೆ ನಡೆಯಿತು. ಬೈಗುಳ, ಬೆದರಿಕೆ, ಹಿಂಬಾಲಿಸಿ ಕಾಡುವುದು ಹಳಬರು ಮಾಡಿದರೂ ತಪ್ಪೇ ಎಂದು ಆ ಸಂಹಿತೆ ಬಿಡಿಸಿ ಹೇಳುತ್ತದೆ. ಸ್ಥಳೀಯ ನಿರ್ವಾಹಕರ ಕಣ್ಣು ತಪ್ಪಿದ್ದನ್ನು ಹಿಡಿಯಲು ಸಣ್ಣ ವಿಕಿಗಳ ಮೇಲೆ ನಿಗಾ ಇಡುವ ಜಾಗತಿಕ ಸ್ವಯಂಸೇವಕರಿದ್ದಾರೆ. ಕನ್ನಡ ಬಾರದ ಅವರಿಗೆ ಅಸಭ್ಯ ಕೊಂಡಿಗಳು, ಇದ್ದಕ್ಕಿದ್ದಂತೆ ಖಾಲಿಯಾದ ಪುಟಗಳು ಸಿಗುತ್ತವೆ. ನಯವಾಗಿ ಬರೆದ ಜಾತಿನಿಂದೆ ಸಿಗುವುದಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಕಾಯುವವರ ಸಂಖ್ಯೆ ಮಾತ್ರ ಅಷ್ಟಕ್ಕಷ್ಟೇ. ತಪ್ಪು ಬದಲಾವಣೆಯೊಂದನ್ನು ರದ್ದು ಮಾಡುವುದಕ್ಕಾಗಲಿ, ಮಾಡಿದವರ ಚರ್ಚೆಪುಟದಲ್ಲಿ ಎರಡು ಸಾಲು ತಿಳಿಹೇಳುವುದಕ್ಕಾಗಲಿ ನಿರ್ವಾಹಕರೇ ಆಗಬೇಕಿಲ್ಲ. ಖಾತೆ ಇರುವ ಯಾವ ಓದುಗರಾದರೂ ‘ಇತ್ತೀಚೆಗಿನ ಬದಲಾವಣೆಗಳು’ ಪುಟ ತೆರೆದು ಇವತ್ತೇ ಈ ಕೆಲಸಕ್ಕೆ ಕೈಹಾಕಬಹುದು.